ಮಹಾಶಿಲ್ಪಿ ಮೈಕೆಲ್ಯಾಂಜೆಲೊ

ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ, ಅಲ್ಲಿಯ ಮಹಾ ಇಗರ್ಜಿಗೆ ಸೇರಿದ ಕಾರ್ಯಾಗಾರದ ಅಂಗಳದಲ್ಲಿ, ಒಂದು ಭಾರಿ ಅಮೃತಶಿಲೆ ಬಹುಕಾಲ ಅನಾಥವಾಗಿ ಬಿದ್ದಿತ್ತು. 1464ರಲ್ಲಿ ಅಗೊಸ್ಟಿನೊ ಎಂಬ ಶಿಲ್ಪಿ ಅದರಿಂದ ಪ್ರವಾದಿ ದಾವೀದನ ವಿಗ್ರಹವನ್ನು ಕಡೆಯಲು ತೊಡಗಿ, ಕಾಲಿನ ಭಾಗವನ್ನು ಅಲ್ಲಲ್ಲಿ ಕೆತ್ತಿ ಕೈಬಿಟ್ಟನು. ಮತ್ತೆ ಹತ್ತಾರು ವರ್ಷಗಳಾದ ಮೇಲೆ ಇನ್ನೊಬ್ಬನು ಅದಕ್ಕೆ ಕೈಹಚ್ಚಿದನು; ಅವನಿಂದಲೂ ಅದು ಮುಂದುವರಿಯಲಿಲ್ಲ. ಕಲ್ಲು ಎತ್ತರವಾಗಿತ್ತು, ಆದರೆ ದಪ್ಪ ಸಾಲದು. ಮೊದಲಿನವರ ಉಳಿಯ ಪೆಟ್ಟುಗಳಿಂದ ಅದು ಇನ್ನಷ್ಟು ಕೆಟ್ಟಿತ್ತು. ಮಳೆಗೆ ನೆನೆಯುತ್ತ ಬಿಸಿಲಿಗೆ ಕಾಯುತ್ತ ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಬಿದ್ದುಕೊಂಡಿದ್ದ ಆ ಬಂಡೆಯನ್ನು ಜನರು ದೈತ್ಯನೆಂದು ಕರೆಯುತ್ತಿದ್ದರು. 1501ರ ಆಗಸ್ಟ್ ತಿಂಗಳಲ್ಲಿ ಇಪ್ಪತ್ತಾರು ವರ್ಷದ ಒಬ್ಬ ತರುಣನು ಆ ಕೆಲಸವನ್ನು ವಹಿಸಿಕೊಂಡನು. ಹೊಸ ಕಲ್ಲನ್ನು ಕೇಳಲಿಲ್ಲ; ಬೇರೆ ಕಲ್ಲಿನ ತುಂಡನ್ನು ಅದಕ್ಕೆ ಜೋಡಿಸುವುದಾಗಿಯೂ ಹೇಳಲಿಲ್ಲ. ಇತರರು ಕೆಡಿಸಿಟ್ಟ ಕಲ್ಲಿನಲ್ಲಿಯೇ ತನ್ನ ವಿಗ್ರಹವನ್ನು ಕಾಣಬಲ್ಲೆನೆಂಬ ಭರವಸೆ ಅವನಿಗಿತ್ತು. ಅವನೇ ಮೈಕೆಲ್ಯಾಂಜೆಲೊ ಬುವೊನಾರೊಟಿ.

ಮೈಕೆಲ್ಯಾಂಜೆಲೊ ಹುಟ್ಟಿದುದು 1475ರ ಮಾರ್ಚ್ 6ರಂದು, ಕಾಪ್ರೆಸೆ ಎಂಬ ಬೆಟ್ಟದ ಊರಿನಲ್ಲಿ. ಅವನ ತಂದೆ ಲೊಡೊವಿಕೊ ಅಲ್ಲಿ ಸ್ವಲ್ಪ ಕಾಲ ನ್ಯಾಯಾಧಿಕಾರಿಯಾಗಿದ್ದನು. ಅಧಿಕಾರದ ಅವಧಿ ಮುಗಿದೊಡನೆ ಸಂಸಾರ ಫ್ಲಾರೆನ್ಸಿಗೆ ಹಿಂದಿರುಗಿತು. ಹಸುಗೂಸನ್ನು ಹತ್ತಿರದ ಸೆಟ್ಟಿನ್ಯಾನೊ ಎಂಬ ಹಳ್ಳಿಯ ಸಾಕುತಾಯಿಯ ಬಳಿ ಬಿಟ್ಟರು. ಆ ಊರು ಕಲ್ಲುಕುಟಿಗರ ಊರು; ಆಕೆಯ ತಂದೆಯೂ ಕಲ್ಲುಕುಟಿಗ, ಗಂಡನೂ ಕಲ್ಲುಕುಟಿಗ. ಆಕೆಯ ಮೊಲೆಹಾಲಿನೊಡನೆಯೇ ತನಗೆ ಉಳಿ ಸುತ್ತಿಗೆಗಳು ದಕ್ಕಿದುವೆಂದು ಅವನು ಮುಂದೆ ವಿನೋದವಾಗಿ ಹೇಳುವುದುಂಟಾಗಿತ್ತು. ಹೆತ್ತ ತಾಯಿಯ ಸುಖ ಅವನಿಗೆ ಹೆಚ್ಚು ಕಾಲ ದೊರೆಯಲಿಲ್ಲ. ಅವನಿಗೆ ಆರು ವರ್ಷವಾದಾಗ ಆಕೆ ತೀರಿಕೊಂಡಳು.

ಬುವೊನಾರೊಟಿ ಮನೆತನ ಒಂದು ಕಾಲಕ್ಕೆ ಬಾಳಿ ಬದುಕಿದ ಮನೆತನ. ಸಿರಿ ಹೋಗಿತ್ತು, ಅಭಿಮಾನ ಮಾತ್ರ ಉಳಿದಿತ್ತು. ಹುಡುಗನು ಪಾಠ ಬಿಟ್ಟು ಚಿತ್ರ ಬರೆಯುವುದರಲ್ಲಿಯೇ ಹೊತ್ತು ಕಳೆಯುತ್ತಿದ್ದುದನ್ನು ಕಂಡು ತಂದೆಯೂ ಚಿಕ್ಕಪ್ಪಂದಿರೂ ಅವನನ್ನು ಹೊಡೆದರು. ಬಣ್ಣ ಬಳಿಯುವುದಾಗಲಿ ಕಲ್ಲು ಕಡೆಯುವುದಾಗಲಿ ಅವರ ಕಣ್ಣಿಗೆ ಕೂಲಿಯವರ ಕೆಲಸ. ಹುಡುಗನ ಹಟವೇ ಗೆದ್ದಿತು. 1488ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಅವನನ್ನು ಡೊಮೆನಿಕೊ ಗಿರ್ಲಾಂಡಾಯೊ ಎಂಬ ಪ್ರಸಿದ್ಧ ಚಿತ್ರಕಾರನ ಶಿಷ್ಯನನ್ನಾಗಿ ಮಾಡಿದರು. ಗುರುವೇ ಶಿಷ್ಯನಿಗೆ ಸಂಬಳ ಕೊಡಬೇಕೆಂದು ಕರಾರಿನಲ್ಲಿ ಬರೆದಿತ್ತೆಂಬುದು ಗಮನಾರ್ಹ. ಆ ಗುರು ಆಗ ಒಂದು ಇಗರ್ಜಿಯ ಗೋಡೆಗಳ ಮೇಲೆ ಹಸಿಗಾರೆಯ ಚಿತ್ರಗಳನ್ನು ಬರೆಯುತ್ತಿದ್ದನು. ಆ ವಿದ್ಯೆ ಇಪ್ಪತ್ತು ವರ್ಷಗಳ ತರುವಾಯ ಎಂತಹ ಪರೀಕ್ಷೆಗೆ ಗುರಿಯಾಗಲಿದೆಯೆಂಬುದನ್ನು ಗುರುವಾಗಲಿ ಶಿಷ್ಯನಾಗಲಿ ಆಗ ಊಹಿಸುವಂತಿರಲಿಲ್ಲ.

ಫ್ಲಾರೆನ್ಸಿನ ಮುಖಂಡನಾದ ಲೊರೆಂಜೊ ದೆ ಮೆದಿಚಿ ತನ್ನ ಉದ್ಯಾನದಲ್ಲಿ ಪ್ರಾಚೀನ ಶಿಲ್ಪಗಳನ್ನು ಸಂಗ್ರಹಿಸಿ, ತರುಣರು ಅವುಗಳನ್ನು ನೋಡಿ ಕಲಿಯಲು ಏರ್ಪಾಡು ಮಾಡಿದ್ದನು. ಮೈಕೆಲ್ಯಾಂಜೆಲೊ ಅಲ್ಲಿಗೆ ಹೋಗತೊಡಗಿದನು. ಅಲ್ಲಿ ಅವನು ಮುದಿ ವನದೇವತೆಯೊಂದರ ಮುಖವನ್ನು ಕಡೆದನಂತೆ. ಅಷ್ಟು ವಯಸ್ಸಾದವನಿಗೆ ಎಲ್ಲ ಹಲ್ಲುಗಳೂ ಹೇಗೆ ಉಳಿದುವೆಂದು ಲೊರೆಂಜೊ ನಕ್ಕನಂತೆ. ಆತ ಅತ್ತ ತಿರುಗುತ್ತಲೇ ಹುಡುಗನು ಒಂದು ಹಲ್ಲನ್ನು ಮುರಿದು, ವಸಡು ಕುಸಿದಂತೆ ಕಾಣುವ ಹಾಗೆ ಅಲ್ಲಿ ತೂತು ಕೊರೆದಿಟ್ಟನಂತೆ. ಲೊರೆಂಜೊ ಅವನನ್ನು ತನ್ನ ಅರಮನೆಯಲ್ಲಿಯೇ ಇರಿಸಿಕೊಂಡು, ಮಕ್ಕಳೊಡನೆ ಊಟಕ್ಕೆ ಕೂರಿಸಿಕೊಂಡನು. ಅಲ್ಲಿಗೆ ಬರುತ್ತಿದ್ದ ಕವಿಗಳ, ಪಂಡಿತರ ಮಾತು ಅವನ ಕಿವಿಗೆ ಬಿದ್ದಿತು. ನಾಲಗೆ ಮಾತ್ರ ಆಗಲೂ ಚುರುಕು. ಸಹಪಾಠಿಯೊಬ್ಬನ ಚಿತ್ರವನ್ನು ಹಾಸ್ಯ ಮಾಡಲು ಹೋಗಿ ಅವನಿಂದ ಗುದ್ದು ತಿಂದು ಮೂಗನ್ನು ಮುರಿಸಿಕೊಂಡನು. ಆ ಚಪ್ಪಟೆ ಮೂಗು ಸಾಯುವ ತನಕವೂ ಅವನ ಗುರುತಾಗಿ ಉಳಿಯಿತು. 1492ರಲ್ಲಿ ಲೊರೆಂಜೊ ಮರಣ ಹೊಂದಿದನು. ಆ ಬಳಿಕ ಒಂದು ಮಠದ ಆಸ್ಪತ್ರೆಯಲ್ಲಿ ಹೆಣಗಳನ್ನು ಕೊಯ್ದು ನೋಡಲು ಮಠಾಧಿಕಾರಿ ಅವನಿಗೆ ಅನುಮತಿಯಿತ್ತನು. ಚರ್ಮದ ಒಳಗೆ ಸ್ನಾಯು ಹೇಗೆ ಎಳೆಯುತ್ತದೆ, ಮೂಳೆ ಎಲ್ಲಿ ತಿರುಗುತ್ತದೆ ಎಂಬುದನ್ನು ಅವನು ಅಲ್ಲಿ ಕಣ್ಣಾರೆ ಕಂಡು ಕಲಿತನು.

1496ರಲ್ಲಿ ಅವನು ರೋಮ್ ನಗರಕ್ಕೆ ಹೋದನು. ಅಲ್ಲಿ ಫ್ರಾನ್ಸ್ ದೇಶದ ಕಾರ್ಡಿನಲ್ ಒಬ್ಬನಿಗಾಗಿ ಕಡೆದ ‘ಪಿಯೆತಾ’ ಅವನ ಹೆಸರನ್ನು ದೇಶದಲ್ಲೆಲ್ಲ ಹರಡಿತು. ಶಿಲುಬೆಯಿಂದ ಇಳಿಸಿದ ಯೇಸುವಿನ ಪಾರ್ಥಿವ ಶರೀರವನ್ನು ತಾಯಿ ಮರಿಯಳು ಮಡಿಲಲ್ಲಿ ಮಲಗಿಸಿಕೊಂಡು ಕುಳಿತಿದ್ದಾಳೆ. ಬೆಳೆದ ಗಂಡಾಳಿನ ದೇಹವನ್ನು ಹೆಂಗಸೊಬ್ಬಳ ಮಡಿಲಲ್ಲಿ ಮಲಗಿಸಿದರೆ ನೋಟಕ್ಕೆ ಎಷ್ಟು ಅಸಹಜವಾಗಬೇಕು! ಮೈಕೆಲ್ಯಾಂಜೆಲೊ ಆಕೆಯ ಉಡುಪಿನ ನೆರಿಗೆಗಳನ್ನು ಮೊಣಕಾಲುಗಳ ಸುತ್ತ ವಿಶಾಲವಾಗಿ ಹರಡಿದನು. ಆ ನೆರಿಗೆಗಳ ನಡುವೆ ದೇಹ ಹಾಸಿಗೆಯಲ್ಲಿ ಒರಗಿದಂತೆ ಒರಗಿತು. ತಾಯಿಯ ಮುಖದಲ್ಲಿ ಅಳು ಇಲ್ಲ, ಚೀತ್ಕಾರವಿಲ್ಲ. ಎಡಗೈಯೊಂದು ಮಾತ್ರ ಏನೂ ತೋಚದೆ ತೆರೆದುಕೊಂಡಿದೆ. ಇದನ್ನು ಮುಗಿಸಿದಾಗ ಶಿಲ್ಪಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ. ನೋಡಲು ಬಂದ ಜನ ಅದನ್ನು ಬೇರೊಬ್ಬ ಶಿಲ್ಪಿಯ ಕೃತಿಯೆಂದು ಹೊಗಳುವುದನ್ನು ಕೇಳಿ, ಅವನು ರಾತ್ರಿ ಬಂದು ಮರಿಯಳ ಎದೆಯ ಪಟ್ಟಿಯ ಮೇಲೆ ತನ್ನ ಹೆಸರನ್ನು ಕೊರೆದನೆಂದು ಪ್ರತೀತಿ. ಅವನ ಸಹಿಯಿರುವ ಶಿಲ್ಪ ಇದೊಂದೇ. 1972ರಲ್ಲಿ ಬುದ್ಧಿ ಸ್ಥಿಮಿತದಲ್ಲಿಲ್ಲದವನೊಬ್ಬನು ಸುತ್ತಿಗೆಯಿಂದ ಬಡಿದು ಮರಿಯಳ ತೋಳನ್ನೂ ಮೂಗನ್ನೂ ಮುರಿದನು. ತಜ್ಞರು ಚೂರುಗಳನ್ನು ಆಯ್ದು ಸರಿಪಡಿಸಿದರು. ಅಂದಿನಿಂದ ಸಂತ ಪೀಟರನ ಇಗರ್ಜಿಯಲ್ಲಿ ಅದು ಗಾಜಿನ ಹಿಂದೆ ಇದೆ.

ಇನ್ನು ಆ ದೈತ್ಯ ಶಿಲೆಯ ಸಂಗತಿ. ಅದರ ಸುತ್ತ ಮರೆಯನ್ನು ಕಟ್ಟಿಸಿ, ಮೂರು ವರ್ಷಗಳ ಕಾಲ ಅವನು ಒಳಗೆ ದುಡಿದನು. ಅದುವರೆಗೆ ಫ್ಲಾರೆನ್ಸಿನ ಶಿಲ್ಪಿಗಳು ದಾವೀದನನ್ನು ವಿಜಯಿಯಾಗಿ, ಕೊಂದ ಗೋಲಿಯಾತನ ತಲೆಯನ್ನು ಮೆಟ್ಟಿ ನಿಂತವನಾಗಿ ತೋರಿಸಿದ್ದರು. ಮೈಕೆಲ್ಯಾಂಜೆಲೊ ಕಡೆದ ದಾವೀದನ ಕಾಲ ಬಳಿ ತಲೆಯಿಲ್ಲ. ಕಾಳಗ ಇನ್ನೂ ನಡೆದಿಲ್ಲ. ಹೆಗಲ ಮೇಲೆ ಕವಣೆ, ಬಿಗಿದ ಹುಬ್ಬು, ಉಬ್ಬಿದ ಕುತ್ತಿಗೆಯ ನರ, ಕೆಳಗೆ ಬಿಟ್ಟ ಬಲಗೈ. ತರುಣನು ದೂರದ ವೈರಿಯನ್ನು ಅಳೆಯುತ್ತ ನಿಂತಿದ್ದಾನೆ. ವಿಗ್ರಹದ ಎತ್ತರ 5.17 ಮೀಟರು. ಮೆದಿಚಿ ಮನೆತನದವರನ್ನು 1494ರಲ್ಲಿ ಹೊರಗಟ್ಟಿ ಗಣರಾಜ್ಯವಾಗಿದ್ದ ಫ್ಲಾರೆನ್ಸಿನ ಪ್ರಜೆಗಳಿಗೆ ಇದು ಬೈಬಲಿನ ಕಥೆಯಷ್ಟೇ ಆಗಿ ತೋರಲಿಲ್ಲ. ಬಲಿಷ್ಠ ವೈರಿಗಳ ನಡುವೆ ನಿಂತ ತಮ್ಮ ಸಣ್ಣ ನಾಡೇ ಅವರಿಗೆ ಅದರಲ್ಲಿ ಕಂಡಿತು.

ವಿಗ್ರಹವನ್ನು ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸಲು 1504ರ ಜನವರಿಯಲ್ಲಿ ಕಲಾವಿದರ ಸಭೆ ಸೇರಿತು. ಲಿಯೊನಾರ್ಡೊ ದ ವಿಂಚಿ, ಬೊಟ್ಟಿಚೆಲ್ಲಿ ಮೊದಲಾದವರು ಆ ಸಭೆಯಲ್ಲಿದ್ದರು. ಕೊನೆಗೆ ನಗರಾಡಳಿತದ ಅರಮನೆಯ ಬಾಗಿಲೇ ತಕ್ಕ ಸ್ಥಳವೆಂದು ಗೊತ್ತಾಯಿತು. ಅರ್ಧ ಮೈಲಿಯಷ್ಟು ದಾರಿ. ಮರದ ಚೌಕಟ್ಟಿನಲ್ಲಿ ಹಗ್ಗಗಳಿಂದ ತೂಗುಹಾಕಿ, ಜಿಡ್ಡು ಸವರಿದ ತೊಲೆಗಳ ಮೇಲೆ ನಲವತ್ತಕ್ಕೂ ಹೆಚ್ಚು ಆಳುಗಳು ಅದನ್ನು ಎಳೆದರು. ನಾಲ್ಕು ದಿನ ಹಿಡಿಯಿತು. ರಾತ್ರಿಯಲ್ಲಿ ಯಾರೋ ಕಲ್ಲು ತೂರಿದ್ದರಿಂದ ಕಾವಲು ಹಾಕಬೇಕಾಯಿತು. 1527ರ ದಂಗೆಯಲ್ಲಿ ಅದರ ಎಡಗೈ ಮುರಿಯಿತು. ಚೂರುಗಳನ್ನು ಜೋಪಾನವಾಗಿ ಎತ್ತಿಟ್ಟು ಮುಂದೆ ಜೋಡಿಸಿದರು. 1873ರಲ್ಲಿ ಬಿಸಿಲು ಮಳೆಗಳಿಂದ ಕಾಪಾಡಲು ಅದನ್ನು ಕಲಾಶಾಲೆಯ ಭವನಕ್ಕೆ ಸಾಗಿಸಿದರು. ಚೌಕದಲ್ಲಿ ಈಗ ನಿಂತಿರುವುದು ಅದರ ಪ್ರತಿಕೃತಿ.

ಇಂತಹ ಕೀರ್ತಿಯೇ ಅವನಿಗೆ ಸಂಕಟವನ್ನೂ ತಂದಿತು. 1505ರಲ್ಲಿ ಪೋಪ್ ಎರಡನೆಯ ಜೂಲಿಯಸ್ ಅವನನ್ನು ರೋಮಿಗೆ ಕರೆಸಿ, ತನಗೊಂದು ಸಮಾಧಿಯನ್ನು ಕಟ್ಟಲು ಅಪ್ಪಣೆ ಮಾಡಿದನು. ಮೂರು ಅಂತಸ್ತು, ನಲವತ್ತಕ್ಕೆ ಕಡಮೆಯಿಲ್ಲದ ವಿಗ್ರಹಗಳು. ಜಗತ್ತಿನಲ್ಲಿಯೇ ಅಂತಹ ಸಮಾಧಿ ಬೇರೊಂದಿರಬಾರದು. ಶಿಲ್ಪಿಯೂ ಪೋಪನಷ್ಟೇ ಮಹತ್ವಾಕಾಂಕ್ಷಿ. ಅವನು ಕರಾರಾ ಬೆಟ್ಟಗಳಿಗೆ ಹೋಗಿ ಎಂಟು ತಿಂಗಳು ಅಲ್ಲಿಯೇ ಇದ್ದು ಕಲ್ಲುಗಳನ್ನು ತಾನೇ ಆರಿಸಿದನು. ಗಣಿಯಿಂದ ಕಡಿದ ಬಂಡೆಗಳನ್ನು ಹಗ್ಗ ಕಟ್ಟಿ ಇಳಿಜಾರಿನಲ್ಲಿ ಜಾರಿಸಿ, ಎತ್ತಿನ ಗಾಡಿಗಳಲ್ಲಿ ಕಡಲ ತೀರಕ್ಕೆ ಒಯ್ದು, ದೋಣಿಗಳಲ್ಲಿ ರೋಮಿಗೆ ಸಾಗಿಸುತ್ತಿದ್ದರು. ಬಂಡೆಗಳು ಬಂದಿಳಿದುವು. ಅಷ್ಟರಲ್ಲಿ ಪೋಪನ ಮನಸ್ಸು ಸಂತ ಪೀಟರನ ಇಗರ್ಜಿಯನ್ನು ಹೊಸದಾಗಿ ಕಟ್ಟಿಸುವ ಕಡೆಗೆ ತಿರುಗಿತ್ತು. ಕಲ್ಲಿನ ಹಣವನ್ನು ಕೇಳಲು ಹೋದ ಶಿಲ್ಪಿಯನ್ನು ಬಾಗಿಲಲ್ಲಿಯೇ ತಡೆದರು. ಅವನು ಕೆರಳಿ, 1506ರ ಏಪ್ರಿಲಿನಲ್ಲಿ, ಹೇಳದೆ ಕೇಳದೆ ರೋಮನ್ನು ಬಿಟ್ಟು ಫ್ಲಾರೆನ್ಸಿಗೆ ಹೊರಟುಹೋದನು. ರಾಜರನ್ನು ನಡುಗಿಸುತ್ತಿದ್ದ ಪೋಪನಿಗೆ ಬೆನ್ನು ತೋರಿಸಿ ಹೋಗುವುದು ಸಾಮಾನ್ಯದ ಎದೆಗಾರಿಕೆಯಲ್ಲ. ಹಲವು ತಿಂಗಳ ಮೇಲೆ ಬೊಲೊನ್ಯಾ ನಗರದಲ್ಲಿ ಅವರಿಗೆ ರಾಜಿಯಾಯಿತು. ಅಲ್ಲಿ ಪೋಪನ ಭಾರಿ ಕಂಚಿನ ವಿಗ್ರಹವೊಂದನ್ನು ಅವನು ಎರಕ ಹೊಯ್ದನು. 1511ರಲ್ಲಿ ಪೋಪನ ವೈರಿಗಳು ಅದನ್ನು ಕೆಡವಿ, ಕರಗಿಸಿ, ಫಿರಂಗಿಯನ್ನಾಗಿ ಮಾಡಿಕೊಂಡರು.

1508ರಲ್ಲಿ ಪೋಪನು ಸಮಾಧಿಯ ಮಾತೆತ್ತದೆ, ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಮಂದಿರದ ಮಾಳಿಗೆಯ ಒಳಮೈಗೆ ಚಿತ್ರ ಬರೆಯಬೇಕೆಂದು ಅವನನ್ನು ನಿರ್ಬಂಧಿಸಿದನು. ತಾನು ಶಿಲ್ಪಿಯೇ ಹೊರತು ಚಿತ್ರಕಾರನಲ್ಲವೆಂದು ಅವನು ಎಷ್ಟು ಹೇಳಿಕೊಂಡರೂ ನಡೆಯಲಿಲ್ಲ. ಆ ಮಾಳಿಗೆ 40 ಮೀಟರು ಉದ್ದ, 13 ಮೀಟರು ಅಗಲ; ನೆಲದಿಂದ ಸುಮಾರು 20 ಮೀಟರು ಎತ್ತರ; ಅದೂ ಸಮತಟ್ಟಲ್ಲ, ಬಾಗಿದ ಕಮಾನು. ಹಸಿಗಾರೆಯ ಚಿತ್ರವೆಂದರೆ ತಿದ್ದುವ ಅವಕಾಶ ಕಡಮೆಯಿರುವ ವಿದ್ಯೆ. ಒಂದು ದಿನದಲ್ಲಿ ಬರೆಯಬಹುದಾದಷ್ಟು ಜಾಗಕ್ಕೆ ಮಾತ್ರ ಸುಣ್ಣದ ಗಾರೆಯನ್ನು ಮೆತ್ತಿ, ಅದು ಆರುವುದರೊಳಗೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುವಾಗ ಬಣ್ಣ ಅದರೊಡನೆ ಬೆರೆತು ಗೋಡೆಯ ಅಂಗವೇ ಆಗುತ್ತದೆ. ತಪ್ಪಾದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಮೊದಲ ದಿನಗಳಲ್ಲಿಯೇ ಬರೆದುದರ ಮೇಲೆ ಬೂಷ್ಟು ಹಿಡಿಯಿತು. ತನಗೆ ಈ ಕೆಲಸ ಬಾರದೆಂಬುದಕ್ಕೆ ಇದೇ ಸಾಕ್ಷಿಯೆಂದು ಅವನು ಪೋಪನಿಗೆ ತಿಳಿಸಿದನು. ಪೋಪನು ಒಬ್ಬ ನಿಪುಣನನ್ನು ಕಳುಹಿಸಿ ಪರಿಹಾರವನ್ನು ಹೇಳಿಸಿದನೇ ಹೊರತು ಬಿಡುಗಡೆ ಮಾಡಲಿಲ್ಲ.

ಅವನು ಅಂಗಾತ ಮಲಗಿ ಚಿತ್ರ ಬರೆದನೆಂದು ಬಹಳ ಮಂದಿ ನಂಬಿದ್ದಾರೆ. ಅದು ನಿಜವಲ್ಲ. ತಾನೇ ಯೋಜಿಸಿದ ಸಾರುವೆಯ ಮೇಲೆ ನಿಂತು, ತಲೆಯನ್ನು ಹಿಂದಕ್ಕೆ ಬಾಗಿಸಿ, ಕೈಯನ್ನು ಮೇಲೆತ್ತಿ ಬರೆದನು. ಬಣ್ಣ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಕತ್ತು ಊದಿಕೊಂಡು ಬೆನ್ನು ಬಿಲ್ಲಾದ ತನ್ನ ಅವಸ್ಥೆಯನ್ನು ಅವನು ಕವಿತೆಯೊಂದರಲ್ಲಿ ತಾನೇ ಅಪಹಾಸ್ಯ ಮಾಡಿಕೊಂಡಿದ್ದಾನೆ. ಕೆಲಸ ಮುಗಿದ ಮೇಲೂ ಕೆಲವು ಕಾಲ ಕಾಗದವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯದೆ ಓದಲಾಗುತ್ತಿರಲಿಲ್ಲವಂತೆ. ಹನ್ನೆರಡು ಮಂದಿ ಶಿಷ್ಯರ ಚಿತ್ರವಾದರೆ ಸಾಕೆಂದು ಪೋಪನು ಮೊದಲು ಹೇಳಿದ್ದನು. ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ ಕಲಾವಿದನು ಮಾಡಿದುದಾದರೂ ಏನು? ಲೋಕದ ಸೃಷ್ಟಿಯಿಂದ ಜಲಪ್ರಳಯದ ತರುವಾಯದ ಕಾಲದವರೆಗಿನ ಒಂಬತ್ತು ದೃಶ್ಯಗಳು, ಸುತ್ತ ಪ್ರವಾದಿಗಳು, ಭವಿಷ್ಯ ನುಡಿಯುವ ಸ್ತ್ರೀಯರು. ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಆಕೃತಿಗಳು. ಅರ್ಧ ಮುಗಿದಾಗ ಸಾರುವೆಯನ್ನು ಬಿಚ್ಚಿದರು. ಮೊದಲು ಬರೆದ ಪ್ರಳಯದ ದೃಶ್ಯದಲ್ಲಿ ಜನ ಕಿಕ್ಕಿರಿದು, ಕೆಳಗಿನಿಂದ ಸಣ್ಣದಾಗಿ ಕಾಣುತ್ತಿತ್ತು. ಉಳಿದ ಅರ್ಧದಲ್ಲಿ ಆಕೃತಿಗಳು ಕಡಮೆಯಾದುವು, ದೊಡ್ಡವಾದುವು. ಆದಾಮನ ಸೃಷ್ಟಿಯಲ್ಲಿ ಇರುವುದು ಎರಡೇ ಕೈಗಳ ಕಥೆ. ಒರಗಿ ಕುಳಿತ ಆದಾಮನ ಸೋತ ಕೈ ಒಂದು. ಗಾಳಿಯಲ್ಲಿ ತೇಲಿಬರುವ ದೇವರ ಚಾಚಿದ ಕೈ ಇನ್ನೊಂದು. ನಡುವೆ ಬೆರಳುಗಳು ಇನ್ನೂ ಮುಟ್ಟದ ಒಂದಿಷ್ಟು ಬಯಲು. 1512ರ ಅಕ್ಟೋಬರ್ ಕೊನೆಯಲ್ಲಿ ಮಾಳಿಗೆ ಸಾರ್ವಜನಿಕರ ಕಣ್ಣಿಗೆ ಬಿದ್ದಿತು. ಶತಮಾನಗಳ ದೀಪದ ಹೊಗೆ ಅದನ್ನು ಮಬ್ಬಾಗಿಸಿ, ಮೈಕೆಲ್ಯಾಂಜೆಲೊ ಮಂಕುಬಣ್ಣಗಳ ಚಿತ್ರಕಾರನೆಂಬ ಅಭಿಪ್ರಾಯವನ್ನೇ ಹುಟ್ಟಿಸಿತ್ತು. 1980ರಿಂದ ಹತ್ತು ವರ್ಷಗಳವರೆಗೆ ನಡೆದ ಶುದ್ಧೀಕರಣದಲ್ಲಿ ಹಸುರು, ಕಿತ್ತಳೆ, ಊದಾ ಬಣ್ಣಗಳು ಹೊಳಪಿನೊಡನೆ ಹೊರಬಿದ್ದುವು.

1513ರಲ್ಲಿ ಜೂಲಿಯಸ್ ಗತಿಸಿದನು. ಸಮಾಧಿಯ ಋಣ ಮಾತ್ರ ಶಿಲ್ಪಿಯ ಕೊರಳಿಗೆ ಉರುಳಾಗಿ ಉಳಿಯಿತು. ಸತ್ತ ಪೋಪನ ಬಂಧುಗಳು ಕೊಟ್ಟ ಹಣದ ಲೆಕ್ಕ ಕೇಳುತ್ತಿದ್ದರು. ಬದುಕಿರುವ ಪೋಪರು ತಮ್ಮ ತಮ್ಮ ಕೆಲಸಕ್ಕೆ ಅವನನ್ನು ಎಳೆಯುತ್ತಿದ್ದರು. ಕರಾರುಗಳು ಮತ್ತೆ ಮತ್ತೆ ಬದಲಾದುವು. ಪ್ರತಿ ಸಲವೂ ಸಮಾಧಿ ಕಿರಿದಾಯಿತು. ಹತ್ತನೆಯ ಲಿಯೊ ಅವನನ್ನು ಫ್ಲಾರೆನ್ಸಿನ ಸಂತ ಲೊರೆಂಜೊ ಇಗರ್ಜಿಯ ಮುಂಭಾಗವನ್ನು ಕಟ್ಟಲು ನೇಮಿಸಿದನು. ಹೊಸ ಗಣಿಗಳಿಂದ ಕಲ್ಲು ತೆಗೆಸುವುದರಲ್ಲಿ, ಅದಕ್ಕಾಗಿ ದಾರಿ ಕಡಿಸುವುದರಲ್ಲಿ ಅವನ ಪ್ರಾಯದ ಅಮೂಲ್ಯ ವರ್ಷಗಳು ಕಳೆದುವು. 1520ರಲ್ಲಿ ಆ ಒಪ್ಪಂದವೇ ರದ್ದಾಯಿತು. ಆ ಇಗರ್ಜಿಯ ಮೋರೆ ಇಂದಿಗೂ ಬರಿಯ ಒರಟು ಗೋಡೆ. ಕೊನೆಗೆ 1545ರಲ್ಲಿ, ಮೊದಲ ಅಪ್ಪಣೆಯಾಗಿ ನಲವತ್ತು ವರ್ಷಗಳಾದ ಮೇಲೆ, ರೋಮಿನ ಬೇರೊಂದು ಇಗರ್ಜಿಯ ಗೋಡೆಗೆ ಒತ್ತಿಕೊಂಡಂತೆ ಸಮಾಧಿ ಪೂರ್ಣವಾಯಿತು. ಜೂಲಿಯಸನ ಅವಶೇಷಗಳು ಅದರೊಳಗಿಲ್ಲ. ಅಲ್ಲಿ ಕುಳಿತಿರುವ ಮೋಶೆಯ ವಿಗ್ರಹವೊಂದನ್ನು ನೋಡಿದರೆ, ಕೈಬಿಟ್ಟುಹೋದುದು ಎಷ್ಟೆಂಬುದು ಅರ್ಥವಾಗುತ್ತದೆ. ನೀಳವಾದ ಗಡ್ಡವನ್ನು ಬೆರಳಿನಲ್ಲಿ ಹಿಡಿದು, ಈಗಲೇ ಎದ್ದುಬಿಡುವಂತೆ ಕುಳಿತಿರುವ ಆ ಪ್ರವಾದಿಯ ದೃಷ್ಟಿಯಲ್ಲಿ ಕೋಪ ಕುದಿಯುತ್ತಿದೆ. ಅದೇ ಸಮಾಧಿಗೆಂದು ತೊಡಗಿ ನಿಂತುಹೋದ ನಾಲ್ವರು ಸೆರೆಯಾಳುಗಳ ವಿಗ್ರಹಗಳು ಫ್ಲಾರೆನ್ಸಿನಲ್ಲಿ ದಾವೀದನಿರುವ ಭವನದಲ್ಲಿಯೇ ಇವೆ. ಒಬ್ಬನ ಎದೆ ಹೊರಬಂದಿದೆ, ತಲೆ ಕಲ್ಲಿನಲ್ಲಿಯೇ ಹೂತಿದೆ. ಇನ್ನೊಬ್ಬನು ಬಂಡೆಯನ್ನು ಹೊತ್ತವನಂತೆ ತಿಣುಕುತ್ತಿದ್ದಾನೆ. ನುಣುಪು ಮಾಡಿದ ಎಷ್ಟೋ ವಿಗ್ರಹಗಳಿಗಿಂತ ಇವು ಮನಸ್ಸನ್ನು ಹೆಚ್ಚು ಕಲಕುತ್ತವೆ.

1529ರಲ್ಲಿ ಮೆದಿಚಿ ವಂಶದ ಪೋಪನ ಮತ್ತು ಚಕ್ರವರ್ತಿಯ ಸೇನೆ ಫ್ಲಾರೆನ್ಸಿಗೆ ಮುತ್ತಿಗೆ ಹಾಕಿತು. ತನ್ನನ್ನು ಸಾಕಿದುದು ಮೆದಿಚಿಗಳ ಅರಮನೆ. ತಾನು ಆಗ ಕಡೆಯುತ್ತಿದ್ದುದೂ ಮೆದಿಚಿಗಳ ಸಮಾಧಿಮಂದಿರ. ಆದರೂ ಅವನು ಗಣರಾಜ್ಯದ ಪಕ್ಷವನ್ನು ಹಿಡಿದು ಕೋಟೆಗಳನ್ನು ಬಲಪಡಿಸುವ ಅಧಿಕಾರಿಯಾದನು. ನಡುವೆ ಭಯಪಟ್ಟು ವೆನಿಸ್ಸಿಗೆ ಓಡಿಹೋದನೆಂಬುದನ್ನೂ ಹೇಳಬೇಕು. ಕೆಲವು ವಾರಗಳಲ್ಲಿ ಮರಳಿಬಂದನು. 1530ರಲ್ಲಿ ನಗರ ಶರಣಾಯಿತು. ಅವನು ತಲೆತಪ್ಪಿಸಿಕೊಳ್ಳಬೇಕಾಯಿತು. 1975ರಲ್ಲಿ ಆ ಸಮಾಧಿಮಂದಿರದ ಕೆಳಗೆ ಒಂದು ಇಕ್ಕಟ್ಟಾದ ಕೋಣೆ ಪತ್ತೆಯಾಯಿತು. ಅದರ ಗೋಡೆಗಳ ತುಂಬ ಇದ್ದಿಲಿನ ರೇಖಾಚಿತ್ರಗಳಿದ್ದುವು. ಅವನು ಅಡಗಿದ್ದುದು ಅಲ್ಲಿಯೇ, ಅವುಗಳಲ್ಲಿ ಕೆಲವಾದರೂ ಅವನ ಕೈಯವು ಎಂದು ಹಲವು ವಿದ್ವಾಂಸರ ಮತ. ಪೋಪನು ಅವನನ್ನು ಕ್ಷಮಿಸಿದನು, ಕೆಲಸ ಮುಂದುವರಿಯಲೆಂದನು. ಹಗಲು, ಇರುಳು, ಮುಂಜಾವು, ಮುಸ್ಸಂಜೆ ಎಂಬ ನಾಲ್ಕು ಶಿಲ್ಪಗಳು ಆ ಮಂದಿರದಲ್ಲಿವೆ. 1534ರಲ್ಲಿ ಅವನು ಫ್ಲಾರೆನ್ಸನ್ನು ಬಿಟ್ಟವನು ಬದುಕಿರುವಾಗ ಮತ್ತೆ ಅಲ್ಲಿಗೆ ಹೋಗಲಿಲ್ಲ.

ಸಿಸ್ಟೀನ್ ಮಂದಿರದ ಪೂಜಾವೇದಿಕೆಯ ಹಿಂದಿನ ಗೋಡೆಯ ಮೇಲೆ 1536ರಿಂದ 1541ರವರೆಗೆ ಅವನು ‘ಅಂತಿಮ ತೀರ್ಪು’ ಎಂಬ ಚಿತ್ರವನ್ನು ಬರೆದನು. ಸತ್ತವರು ಗೋರಿಗಳಿಂದ ಎದ್ದು ಮೇಲೇರುತ್ತಾರೆ, ಪಾಪಿಗಳು ಕೆಳಗುರುಳುತ್ತಾರೆ. ಸುಲಿದ ಚರ್ಮವನ್ನು ಹಿಡಿದ ಸಂತನೊಬ್ಬನ ಕೈಯಲ್ಲಿ, ಆ ಜೋತ ಚರ್ಮದ ಮೇಲೆ ಕಾಣುವ ಮುಖ ಚಿತ್ರಕಾರನದೇ ಎಂದು ಎಣಿಸಲಾಗಿದೆ. ಬೆತ್ತಲೆ ಆಕೃತಿಗಳು ದೇವಾಲಯಕ್ಕೆ ಒಪ್ಪುವುದಿಲ್ಲವೆಂದು ಗದ್ದಲವೆದ್ದಿತು. ಅವನು ಸತ್ತ ಮೇಲೆ, ಅವನ ಗೆಳೆಯನೇ ಆಗಿದ್ದ ದಾನಿಯೇಲೆ ಎಂಬ ಚಿತ್ರಕಾರನು ಅಧಿಕಾರಿಗಳ ಆಜ್ಞೆಯಂತೆ ಆ ಆಕೃತಿಗಳಿಗೆ ಬಟ್ಟೆ ಬರೆದು, ಚಡ್ಡಿ ಹೊಲಿಯುವವನೆಂಬ ಅಡ್ಡಹೆಸರನ್ನು ಪಡೆದನು.

ಇಷ್ಟೆಲ್ಲ ಸಂಪಾದಿಸಿದವನು ಬಡವನಂತೆ ಬಾಳಿದನು. ಮದುವೆಯಾಗಲಿಲ್ಲ. ಒಂದಿಷ್ಟು ರೊಟ್ಟಿ, ದ್ರಾಕ್ಷಾರಸ ಇದ್ದರೆ ಊಟವಾಯಿತು. ತೊಟ್ಟ ಉಡುಪಿನಲ್ಲಿ, ಬೂಟುಗಳಲ್ಲಿಯೇ ಮಲಗುತ್ತಿದ್ದನು; ಬಹುದಿನಗಳ ಮೇಲೆ ಬೂಟನ್ನು ಕಳಚಿದಾಗ ಕಾಲಿನ ಚರ್ಮವೂ ಕಿತ್ತುಬರುತ್ತಿತ್ತಂತೆ. ಗಳಿಸಿದುದು ಹೆಚ್ಚಾಗಿ ತಂದೆಗೆ, ತಮ್ಮಂದಿರಿಗೆ, ಮನೆತನಕ್ಕೆ ಹೊಲ ಮನೆ ಕೊಳ್ಳುವುದಕ್ಕೆ ಹೋಯಿತು. ಕಲೆಯನ್ನು ಕೂಲಿಯೆಂದು ಜರೆದ ಮನೆ ಅವನ ಉಳಿಯ ದುಡಿಮೆಯಿಂದಲೇ ನಿಂತಿತು. ಸಿಡುಕು, ಸಂಶಯ, ಹಟ ಅವನಲ್ಲಿ ಯಥೇಚ್ಛವಾಗಿದ್ದುವು. ಆದರೆ ವಿಟ್ಟೋರಿಯಾ ಕೊಲೊನ್ನಾ ಎಂಬ ಕವಯಿತ್ರಿಯ ಸ್ನೇಹದಲ್ಲಿ ಅವನ ಮುಪ್ಪು ಮೃದುವಾಯಿತು. ಆಕೆಗಾಗಿ ಕವಿತೆಗಳನ್ನು ರಚಿಸಿದನು, ಆಕೆ 1547ರಲ್ಲಿ ತೀರಿಕೊಂಡಾಗ ಮತಿಗೆಟ್ಟವನಂತಾದನು. ಇಪ್ಪತ್ತೈದು ವರ್ಷ ಜೊತೆಗಿದ್ದ ಉರ್ಬಿನೊ ಎಂಬ ಸೇವಕನು ಹಾಸಿಗೆ ಹಿಡಿದಾಗ, ಎಂಬತ್ತರ ಮುದುಕನಾದ ಒಡೆಯನೇ ರಾತ್ರಿಯೆಲ್ಲ ಅವನ ಬಳಿ ಕುಳಿತು ಶುಶ್ರೂಷೆ ಮಾಡಿದನು. ಅವನ ವಿಧವೆಯನ್ನೂ ಮಕ್ಕಳನ್ನೂ ಮರೆಯಲಿಲ್ಲ.

ಎಪ್ಪತ್ತೊಂದು ದಾಟಿದ ಮೇಲೆ ಸಂತ ಪೀಟರನ ಇಗರ್ಜಿಯ ಮುಖ್ಯ ವಾಸ್ತುಶಿಲ್ಪಿಯ ಹೊಣೆ ಅವನ ಮೇಲೆ ಬಿದ್ದಿತು. ದೇವರ ಕೆಲಸವೆಂದು ಸಂಬಳವನ್ನು ಬೇಡವೆಂದನು. ಹಿಂದಿನವರು ಕಟ್ಟಿದುದರಲ್ಲಿ ಕೆಲವನ್ನು ಕೆಡವಿಸಿದನು. ಗುತ್ತಿಗೆದಾರರ ವೈರವನ್ನು ಕಟ್ಟಿಕೊಂಡನು. ಹದಿನೇಳು ವರ್ಷ ಬಿಡದೆ ದುಡಿದನು. ಗುಮ್ಮಟಕ್ಕೆ ಮರದ ಮಾದರಿಯನ್ನು ಮಾಡಿಸಿಟ್ಟನು. ಅದನ್ನು ಸ್ವಲ್ಪ ಮಾರ್ಪಡಿಸಿ 1590ರಲ್ಲಿ ಗುಮ್ಮಟವನ್ನು ಮುಗಿಸಿದವರು ಬೇರೆಯವರು.

ಹಗಲೆಲ್ಲ ಇಗರ್ಜಿಯ ಚಿಂತೆ. ಇರುಳು ನಿದ್ದೆ ಬಾರದು. ಅವನು ದಪ್ಪ ಕಾಗದದ ಟೊಪ್ಪಿಗೆಯ ಮೇಲೆ ಮೇಣದ ಬತ್ತಿಯನ್ನು ಸಿಕ್ಕಿಸಿಕೊಂಡು, ಕೈಗಳೆರಡಕ್ಕೂ ಬಿಡುವಾಗುವಂತೆ ಮಾಡಿಕೊಂಡು ಕಲ್ಲು ಕಡೆಯುತ್ತಿದ್ದನು. ಯಾರೂ ಕೇಳಿದ ಕೆಲಸವಲ್ಲ, ಹಣದ ಕೆಲಸವೂ ಅಲ್ಲ. ತನ್ನ ಗೋರಿಗೆಂದು ತೊಡಗಿದ ಒಂದು ಪಿಯೆತಾವನ್ನು ಕಲ್ಲಿನ ದೋಷಕ್ಕೆ ರೇಗಿ ತಾನೇ ಒಡೆದುಹಾಕಿದನು. ಮತ್ತೊಂದನ್ನು ತೊಡಗಿದನು. ಬಿಟ್ಟನು, ಪುನಃ ಕೈಹಚ್ಚಿದನು. ಆಕೃತಿ ಮೆಚ್ಚದೆ ಕಡೆದುದನ್ನೇ ಮತ್ತೆ ಕಡೆದನು. 1564ರ ಫೆಬ್ರವರಿ 12ರಂದು, ಎಂಬತ್ತೆಂಟರ ವಯಸ್ಸಿನಲ್ಲಿ, ದಿನವಿಡೀ ನಿಂತು ಆ ಕಲ್ಲಿನಲ್ಲಿ ಕೆಲಸ ಮಾಡಿದನು. ಆರು ದಿನಗಳ ಮೇಲೆ, 18ರಂದು, ರೋಮಿನ ತನ್ನ ಮನೆಯಲ್ಲಿ ಮರಣ ಹೊಂದಿದನು. ತನ್ನ ದೇಹ ಫ್ಲಾರೆನ್ಸಿನ ಮಣ್ಣಿಗೆ ಸೇರಬೇಕೆಂದು ಅವನ ಆಸೆ. ರೋಮಿನವರು ಬಿಟ್ಟುಕೊಡಲಾರರೆಂದು ಶಂಕಿಸಿ, ಅವನ ಅಣ್ಣತಮ್ಮಂದಿರ ಪೈಕಿಯ ಮಗ ಲಿಯೊನಾರ್ಡೊ ಅದನ್ನು ವ್ಯಾಪಾರದ ಸರಕಿನಂತೆ ಕಟ್ಟಿಸಿ ಗುಟ್ಟಾಗಿ ಸಾಗಿಸಿದನು. ಮೂವತ್ತು ವರ್ಷಗಳ ಬಳಿಕ ಹೀಗೆ ಊರಿಗೆ ಮರಳಿದ ಮಹಾಶಿಲ್ಪಿಯನ್ನು ಸಾಂತಾ ಕ್ರೋಚೆ ಇಗರ್ಜಿಯಲ್ಲಿ ಹೂಳಿದರು.

ಆ ಕೊನೆಯ ಪಿಯೆತಾ ಈಗ ಮಿಲಾನ್ ನಗರದ ಕೋಟೆಯೊಳಗಿದೆ. ತಾಯಿ ಮಗನನ್ನು ಹಿಂದಿನಿಂದ ಎತ್ತಿ ಹಿಡಿದಿದ್ದಾಳೆ. ಎರಡು ದೇಹಗಳೂ ತೆಳುವಾಗಿ, ಒಂದರೊಳಗೊಂದು ಕರಗಿದಂತಿವೆ. ಮುಖಗಳಲ್ಲಿ ಉಳಿಯ ಗೀರುಗಳು ಹಾಗೆಯೇ ಉಳಿದಿವೆ. ಪಕ್ಕದಲ್ಲಿ, ಮೊದಲು ಕಡೆದು ಆಮೇಲೆ ಬೇಡವೆಂದು ಬಿಟ್ಟ ಯೇಸುವಿನ ನುಣುಪಾದ ತೋಳೊಂದು ದೇಹದಿಂದ ಬೇರೆಯಾಗಿ ನಿಂತಿದೆ. ಅದನ್ನು ಕಡಿದು ತೆಗೆಯಲು ಅವನಿಗೆ ವೇಳೆಯಾಗಲಿಲ್ಲ.